ಎರಡು ಪಾಯಿಂಟ್ ಏಳು ಒಂದು

ಬಿಣಗಾದಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ:
ಮೇಲೆ ಜಂಬುಕಲ್ಲು, ನಡುವೆ ಕೆಮ್ಮಣ್ಣು, ಅಡಿಗೆ ಬಿಳಿ ಶೇಡಿ.
ಆ ಶೇಡಿಯನ್ನು ಮುಷ್ಟಿಯಷ್ಟು ಅಗೆದು ತಂದು
ಗಾಜಿನ ಭರಣಿಗೆ ಹಾಕಿ, ಮೇಲೊಂದು ಸೋಸುಕಾಗದ ಹಾಸಿ
ಮುಚ್ಚಳಕ್ಕೆ ಮೇಣ ಮೆತ್ತಿ
ಹತ್ತು ದಿನ ಕಪಾಟಿನಲ್ಲಿಡುವುದು ನನ್ನ ಕೆಲಸ.
ಹನ್ನೊಂದನೆಯ ದಿನ ಕಾಗದ ತೂಗುತ್ತೇನೆ.
ಎಷ್ಟು ನೀರು ಬಿಟ್ಟುಕೊಟ್ಟಿತು, ಎಷ್ಟು ಹಿಡಿದಿಟ್ಟುಕೊಂಡಿತು—
ಮಣ್ಣಿನ ಜಿಪುಣತನ, ಮಿಲಿಗ್ರಾಮಿನಲ್ಲಿ.

ನಾನು ಗುನಗರ ಮನೆಯವಳು.
ಬುದವಂತಿ ಅತ್ತೆ ಮಡಕೆಯ ಮಣ್ಣು ಆರಿಸುವಾಗ
ಒಣ ಹೆಂಟೆಯನ್ನು ನಾಲಗೆಯ ತುದಿಗೆ ಒತ್ತುತ್ತಿದ್ದಳು.
ಹಿಡಿದು ಎಳೆದರೆ ಗಾಡಿ ಇಳಿಸು,
ಜಾರಿದರೆ ಬಂದ ದಾರಿಗೇ ತಿರುಗಿಸು.
‘ಹೆಂಗೆ ಎಳೀತದೆ ನೋಡು’ ಎಂದು
ಹೆಂಟೆ ನೇತಾಡುವ ನಾಲಗೆಯಲ್ಲೇ ಹೇಳುತ್ತಿದ್ದಳು, ತೊದಲುತ್ತ.
ಆ ಎಳೆತಕ್ಕೊಂದು ಹೆಸರಿದೆ, ಏಕಮಾನವಿದೆ ಎಂದು
ಅವಳು ಸತ್ತು ಹನ್ನೆರಡು ವರ್ಷಕ್ಕೆ ನನಗೆ ತಿಳಿಯಿತು.

ತಾಂಡೇಲ ಮೇಡಂ ಮಾಜಾಳಿಯ ದಂಡೆಯಲ್ಲಿ ಬೆಳೆದವರು,
ಮಣ್ಣಿಗೂ ಬಲೆಯದೇ ಉಪಮೆ.
ಕಣ್ಣಿನೊಳಗೆ ಸಣ್ಣ ಕಣ್ಣು, ಅದರೊಳಗೆ ಮತ್ತೂ ಸಣ್ಣ.
ದೊಡ್ಡ ಕಣ್ಣಿನ ನೀರು ಮೊದಲು ಸೋರಿಹೋಗುತ್ತದೆ.
ಸಣ್ಣದು ತಡೆಯುತ್ತದೆ. ತೀರ ಸಣ್ಣದು
ಬೇಸಿಗೆ ಪೂರ್ತಿ ಎಳೆದರೂ ಬಿಡಲೊಲ್ಲದು.
ಇಷ್ಟು ಕಣ್ಣು ಎಣಿಸುವವರು ಯಾರು ಎಂದೆ.
ಎಣಿಸುವುದು ಬೇಡ, ಎಂದರು.
ಒಂದು ಮೆಟ್ಟಿಲು ಇಳಿದಾಗ ಎಷ್ಟು ಪಟ್ಟು ಹೆಚ್ಚಿದವೋ
ಮುಂದಿನ ಮೆಟ್ಟಿಲಿಗೂ ಅಷ್ಟೇ ಪಟ್ಟು ಹೆಚ್ಚಿದರೆ ಆಯಿತು.

ಸದಾಶಿವಗಡದ ಮೇಲೆ ನಿಂತು ಕಾಳಿಯ ಫೋಟೋ ತೆಗೆದಿದ್ದೆ:
ಹೊಳೆಯಿಂದ ಕವಲು, ಕವಲಿನಿಂದ ಗಜನಿಯ ಕಾಲುವೆ.
ಕೆಳಗಿಳಿದು ಕಾಲುವೆಯಂಚಿನ ಕೆಸರನ್ನೂ ತೆಗೆದೆ,
ಇಳಿತದ ನೀರು ಕೊರೆದ ಗೆರೆಗಳನ್ನು.
ಪಕ್ಕದಲ್ಲಿ ಕೊಡೆ ಇಡಲು ಮರೆತಿದ್ದರಿಂದ
ಯಾವುದು ಹೊಳೆ, ಯಾವುದು ಬೆರಳಗಲದ ಕೆಸರು
ಈಗ ನನಗೇ ಗೊತ್ತಾಗುವುದಿಲ್ಲ.

ಜರಡಿ ಅಲ್ಲಾಡಿಸಿದೆವು, ತೂಗಿದೆವು, ಲಾಗ್ ಹಾಳೆಯ ಮೇಲೆ ಚುಕ್ಕೆ ಇಟ್ಟೆವು.
ಚುಕ್ಕೆಗಳು ಒಂದೇ ಗೆರೆಗೆ ಬಂದು ನಿಂತವು
(ಒಂದು ನಿಲ್ಲಲಿಲ್ಲ. ಅದು ಕರೆಂಟು ಹೋದ ದಿನದ್ದು).
ಗೆರೆಯ ಓಟದಿಂದ ಸಿಕ್ಕ ಆಯಾಮ ಎರಡು ಪಾಯಿಂಟ್ ಏಳು ಒಂದು:
ಹಾಸಿದ ಚಾಪೆಗಿಂತ ಹೆಚ್ಚು,
ತುಂಬಿದ ಚೀಲಕ್ಕಿಂತ ಕಡಿಮೆ.

ಗುಡ್ಡದ ಬುಡದಲ್ಲಿ ಪೆರ್ಪೆತ ಬಾಯಿಯ ಕ್ಯಾಂಟೀನು.
ಬನ್ಸ್ ಕರಿಯುತ್ತ ಕೇಳಿದಳು: ‘ಎಷ್ಟು ಬಂತು?’
ಹೇಳಿದೆ.
‘ಅಷ್ಟು ದಿನವೋ, ಅಷ್ಟು ಇಂಚು ಮಳೆಯೋ?’
ಮೇಡಂ ಚಹಾದ ಲೋಟ ಕೆಳಗಿಟ್ಟು ಮರಳಿನ ಮಾತು ತೆಗೆದರು.
ಒಣ ಮರಳಲ್ಲಿ ಮಕ್ಕಳ ಗೋಪುರ ನಿಲ್ಲದು, ತೆರೆ ಬಂದರೂ ನಿಲ್ಲದು,
ಚೂರೇ ಚೂರು ಹಸಿ ಇದ್ದರೆ ಸಂಜೆಯವರೆಗೆ ನಿಲ್ಲುತ್ತದೆ.
ಕಾಳಿಗೂ ಕಾಳಿಗೂ ನಡುವೆ ನೀರು ಕೈ ಹಿಡಿಸಿರುತ್ತದೆ.
ಎಲ್ಲ ಕಣ್ಣೂ ತುಂಬಿದ ದಿನ, ಬಾಯಿ,
ಎಳೆಯುವವರು ಯಾರೂ ಇರುವುದಿಲ್ಲ.
ಪೆರ್ಪೆತ ಬಾಯಿ ಗುಡ್ಡದ ಕಡೆ ನೋಡಿದಳು.
ಒಲೆಯ ಮೇಜನ್ನು ಎರಡಡಿ ರಸ್ತೆಯ ಕಡೆ ಸರಿಸಿದಳು.

ಆರಿದ್ರೆ ಹಿಡಿದ ಮೂರನೆಯ ದಿನ.
ಕಪಾಟಿನ ಭರಣಿಗಳಿಗೆ ಇನ್ನೂ ಆರು ದಿನ ಬಾಕಿ.
ಪ್ಲಾಸ್ಟಿಕ್ ಹೊದ್ದು ಕಡಿತದ ಹತ್ತಿರ ಹೋದೆ,
ಕಟ್ಟೆಯಡಿ ಮಳೆ ತಾಗದ ಜಾಗದಲ್ಲಿ ಕೈ ತೂರಿಸಿ
ಬೇಸಿಗೆಯಲ್ಲಿ ಬೂದಿಯಂತಿದ್ದ ಶೇಡಿಯನ್ನು ಚಿವುಟಿದೆ.
ಆಚೀಚೆ ನೋಡಿ
ನಾಲಗೆಗೆ ಇಟ್ಟೆ.

ಹಿಡಿಯಲಿಲ್ಲ.

ರಿಜಿಸ್ಟರಿನಲ್ಲಿ ಇದಕ್ಕೊಂದು ಕಾಲಂ ಇಲ್ಲ.
ಕ್ಯಾಂಟೀನಿಗೆ ಇಳಿದು, ಏಳಿ, ಹೊರಡಿ ಎಂದೆ.
‘ಲೆಕ್ಕ ಬಂತೇ?’ ಎಂದಳು.
ಬಾಯಲ್ಲಿ ಮಣ್ಣಿತ್ತು, ಮಾತು ತೊದಲಿತು.
ಅವಳು ನನ್ನ ತುಟಿಯ ಬಿಳಿಯನ್ನು ನೋಡಿ
ಗ್ಯಾಸಿನ ಕಿವಿ ಹಿಂಡಿದಳು.